ಹಿಂದಿನ ಗೋಡೆಗೊಂದು ಬಾಗಿಲು

ದಣಿಗಳು ನಮ್ಮ ಮಾತು ಕೇಳುವುದಿಲ್ಲ ಎಂದು ಗೋಳಾಡುವ ನೌಕರರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಪುಣ್ಯವಂತರು ಅವರು, ತಮ್ಮ ಪುಣ್ಯ ತಮಗೇ ತಿಳಿಯದೆ ಅಳುತ್ತಿರುತ್ತಾರೆ. ಮಾತು ಕೇಳದ ದಣಿಯ ಕೈಕೆಳಗೆ ನಾನೂ ದುಡಿದಿದ್ದೇನೆ. ಹೊಟ್ಟೆ ತುಂಬ ಉಂಡಿದ್ದೇನೆ, ಕಣ್ತುಂಬ ಮಲಗಿದ್ದೇನೆ, ಹೆಂಡತಿಯ ಜೊತೆ ಸಣ್ಣಪುಟ್ಟ ವಿಷಯಕ್ಕೆ ಜಗಳವಾಡುವಷ್ಟು ನೆಮ್ಮದಿಯೂ ನನಗಿತ್ತು. ಆಮೇಲೆ ಮಾತು ಕೇಳುವ ದಣಿ ಬಂದರು. ಬರೀ ಕೇಳುವವರಲ್ಲ, ಕೇಳಿ ಕೇಳಿ ಹೇಳಿಸುವವರು. ಅಲ್ಲಿಂದ ಮುಂದೆ ನನಗೆ ಏನೇನಾಯಿತು ಎಂಬುದನ್ನು ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ಈ ಸಿಟ್ಟು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅದಕ್ಕಾಗಿ ನಿಮ್ಮನ್ನು ಕೂಡಿಸಿಕೊಂಡಿದ್ದೇನೆ.

ನಿಜಾಮರ ಆಳಿಕೆಯ ಕಾಲದ ಮಾತು ಇದು. ಭಾಲ್ಕಿಯ ಅಂಚಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಕಾರ್ಖಾನೆ ಇತ್ತು. ಸೀಮೆಯ ಜನ ಅದನ್ನು ಜಿನ್ನು ಎನ್ನುತ್ತಿದ್ದರು. ನಾನು ಅಲ್ಲಿ ತೂಕದ ಕಾರಕೂನ. ದೊಡ್ಡ ದರವಾಜದ ಪಕ್ಕದಲ್ಲೇ ಬೇವಿನ ಗಿಡ, ಗಿಡದ ಕೆಳಗೆ ತಕ್ಕಡಿ, ತಕ್ಕಡಿಯ ಪಕ್ಕ ನಾನು. ಸುತ್ತಲಿನ ಹಳ್ಳಿಗಳ ಹತ್ತಿ ಬಂಡಿಗಳೆಲ್ಲ ನನ್ನ ಮುಂದೆಯೇ ತೂಗಿ ಒಳಗೆ ಹೋಗಬೇಕು, ಹತ್ತಿ ಇಳಿಸಿ ಮತ್ತೆ ಅದೇ ದರವಾಜದಿಂದ ಹೊರಗೆ ಬರಬೇಕು. ಒಳಗೆ ಹೋಗುವ ತುಂಬಿದ ಬಂಡಿ, ಹೊರಗೆ ಬರುವ ಖಾಲಿ ಬಂಡಿ, ಎರಡೂ ಒಂದೇ ಬಾಗಿಲಲ್ಲಿ ಎದುರುಬದುರಾಗಿ ಕೊಂಬಿಗೆ ಕೊಂಬು ಕೊಟ್ಟು ನಿಲ್ಲುತ್ತಿದ್ದವು. ತುಂಬಿದವನು ಹಿಂದೆ ಸರಿಯಲಾರ, ಖಾಲಿಯವನು ಹಿಂದೆ ಸರಿಯಲೊಲ್ಲ. ಇಬ್ಬರೂ ಸೇರಿ ಬೈಯುವುದು ಪಕ್ಕದಲ್ಲಿ ಕುಳಿತ ನನ್ನನ್ನು. ಭಾತಂಬ್ರಾದ ಬಂಡಿಯವರು ನನ್ನ ಅಜ್ಜನವರೆಗೆ ಬೈಯುತ್ತಿದ್ದರು. ಗಡಿಯ ಕಡೆಯವರು ಅರ್ಧ ಮರಾಠಿಯಲ್ಲಿ ಅದಕ್ಕೂ ಹಿಂದೆ ಹೋಗುತ್ತಿದ್ದರು. ನಮ್ಮ ವಂಶದಲ್ಲಿ ಅಷ್ಟು ಜನ ಆಗಿಹೋಗಿದ್ದಾರೆಂದು ನನಗೆ ಗೊತ್ತಾದದ್ದೇ ಅಲ್ಲಿ.

ಕಾರ್ಖಾನೆಯ ಹಿಂದಿನ ಗೋಡೆ ಮಣ್ಣಿನದು. ಮಳೆಗೆ ನೆನೆದು ನೆನೆದು ಒಂದು ಕಡೆ ಆಳೆತ್ತರಕ್ಕೆ ಕುಸಿದಿತ್ತು. ಅದರಾಚೆ ಬಯಲು, ಒಂದು ಬಾವಿ, ಬಾವಿಯ ಪಕ್ಕದಲ್ಲೇ ಊರ ಹಾದಿ. ಅಲ್ಲೊಂದು ಬಾಗಿಲು ಇಟ್ಟರೆ ಮುಂದಿನಿಂದ ಬಂದ ಬಂಡಿ ಹಿಂದಿನಿಂದ ಹೋಗುತ್ತದೆ, ಯಾರೂ ಯಾರ ಅಜ್ಜನನ್ನೂ ಎಬ್ಬಿಸಬೇಕಾಗಿಲ್ಲ. ಇಷ್ಟೇ ನನ್ನ ವಿಚಾರ. ತಕ್ಕಡಿಯ ಪಕ್ಕ ಕುಳಿತವನಿಗೆ ಇದು ಹೊಳೆಯದಿದ್ದರೇ ಆಶ್ಚರ್ಯ. ಹೊಳೆದಿತ್ತು, ನನ್ನಷ್ಟಕ್ಕೆ ನಾನು ಇಟ್ಟುಕೊಂಡಿದ್ದೆ. ಏಕೆಂದರೆ ನಮ್ಮ ದೊಡ್ಡ ಸೇಠರ ಮುಂದೆ ಯಾರಾದರೂ, "ಸೇಠಜೀ, ನನಗೊಂದು ಹಿಂಗ ಅನಸ್ತದರಿ" ಎಂದು ಬಾಯಿ ತೆರೆದರೆ ಅವರು ಕೈಯೆತ್ತಿ, "ಅನಸಗೊಡಬ್ಯಾಡ" ಎಂದುಬಿಡುತ್ತಿದ್ದರು. ಎಂಥ ದೊಡ್ಡ ಮನುಷ್ಯ! ಆಗ ನನಗೆ ಅವರ ಬೆಲೆ ತಿಳಿಯಲಿಲ್ಲ.

ದೊಡ್ಡ ಸೇಠರು ಮೊಣಕಾಲು ನೋವು ಹೆಚ್ಚಾಗಿ ಮನೆ ಹಿಡಿದರು. ಅವರ ತಮ್ಮನ ಮಗ, ನಾವು ಸಣ್ಣ ಸೇಠರು ಎನ್ನುತ್ತಿದ್ದವರು, ಮುಂಬಯಿಯಿಂದ ಬಂದು ಗಾದಿಯ ಮೇಲೆ ಕುಳಿತರು. ಮುಂಬಯಿಯ ಬಟ್ಟೆಗಿರಣಿಗಳಲ್ಲಿ ಕೂಲಿಯವನನ್ನೂ ಕರೆದು, "ನಿನಗೇನು ಹೊಳೀತದ?" ಎಂದು ಕೇಳುತ್ತಾರೆಂದು ಅವರು ಎಲ್ಲಿಯೋ ಕೇಳಿ ಬಂದಿದ್ದರು. ಬಂದ ವಾರದಲ್ಲೇ ಅಂಜನ್, ಎಂದರೆ ಕಾರ್ಖಾನೆಯ ಎಂಜಿನ್ನು, ನಿಲ್ಲಿಸಿ, ನಮ್ಮನ್ನೆಲ್ಲ ಅಂಗಳದಲ್ಲಿ ಕೂಡಿಸಿ, ತಮ್ಮ ಮುರುಕು ಕನ್ನಡದಲ್ಲಿ ಭಾಷಣ ಮಾಡಿದರು.

"ಭಾಯಿ ಲೋಗ್, ನಾವು ನಿಮ್ದು ಕೈ ಮಾತ್ರ ನೌಕರಿಗೆ ಇಟ್ಟೀವಿ ಅಂತ ತಿಳೀಬ್ಯಾಡ್ರಿ. ನಿಮ್ದು ತಲಿ ಭೀ ನಮ್ದೇ."

ಆಗಲೇ ನಾನು ಎದ್ದು ಓಡಬೇಕಾಗಿತ್ತು. ಎಲ್ಲರ ಜೊತೆ ಸೇರಿ ಚಪ್ಪಾಳೆ ತಟ್ಟಿದೆ. ಸಣ್ಣ ಸೇಠರು ಮುಂದುವರಿದು, ಪ್ರತಿ ಸೋಮವಾರ ಹೀಗೆಯೇ ಕೂಡಬೇಕು, ಯಾರಿಗೆ ಯಾವ ತಜವೀಜು ಹೊಳೆದರೂ ಅಂಜದೆ ಹೇಳಬೇಕು, ಯಾರ ತಜವೀಜು ಪಾಸಾಗುತ್ತದೆಯೋ ಅವರ ತಲೆಗೆ ಎಲ್ಲರೆದುರು ಜರಿಯ ರುಮಾಲು ಸುತ್ತಲಾಗುವುದು ಎಂದರು. ತಜವೀಜು ಎಂಬುದು ಹೈದರಾಬಾದಿನ ಕಚೇರಿಗಳ ಮಾತು. ವಿಚಾರ ಎಂದರೆ ಬರೀ ವಿಚಾರ, ತಲೆಯಲ್ಲಿ ಸುಮ್ಮನೆ ಬಿದ್ದುಕೊಂಡಿರುತ್ತದೆ. ಅದನ್ನೇ ತಜವೀಜು ಎಂದು ಕರೆದು ನೋಡಿ, ಕೂಡಲೇ ಅದಕ್ಕೆ ಕಾಲು ಮೂಡಿ ಊರೂರು ಅಲೆಯಲು ಹೊರಡುತ್ತದೆ. ತನ್ನ ಜೊತೆಗೆ ಹೇಳಿದವನನ್ನೂ ಅಲೆಸುತ್ತದೆ.

ಮನೆಗೆ ಬಂದು ನನ್ನ ಹೆಂಡತಿ ಶರಣಮ್ಮನ ಮುಂದೆ ರುಮಾಲಿನ ಸುದ್ದಿ ಹೇಳಿದೆ. ಅವಳ ಅಣ್ಣನಿಗೆ ಯಾವುದೋ ಮದುವೆಯಲ್ಲಿ ಒಂದು ಜರಿ ರುಮಾಲು ಉಡುಗೊರೆ ಬಂದಿತ್ತು. ಆ ಮನುಷ್ಯ ಅದನ್ನು ಸುತ್ತಿಕೊಂಡೇ ಹೊಲ ಹರಗುತ್ತಿದ್ದ. ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ತಲೆಯನ್ನು ಹಿಂದೆ ಮುಂದೆ ನೋಡಿ, "ನಿಮ್ಮ ತಲಿಗಿ ರುಮಾಲ ಛಂದ ಕೂಡ್ತದ್ರಿ. ಮ್ಯಾಲ ಚಪ್ಪಟಿ ಅದ" ಎಂದಳು. ಹೆಂಡತಿಯ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಅದುವರೆಗೆ ನನಗೆ ಸಿಕ್ಕಿರಲಿಲ್ಲ.

ಮೊದಲ ಸೋಮವಾರ ಅಂಗಳದಲ್ಲಿ ತಜವೀಜುಗಳ ಸಂತೆಯೇ ನೆರೆಯಿತು. ಅಂಜನ್ ನಡೆಸುವ ಇಮಾಮಸಾಬ ಮೊದಲು ಎದ್ದ. ಗಟ್ಟಿ ಆಳು, ಒಳ್ಳೆಯ ಗೆಳೆಯ, ಆದರೆ ಮಧ್ಯಾಹ್ನದ ನಿದ್ದೆಯ ಮುಂದೆ ಅವನಿಗೆ ಪ್ರಪಂಚ ಬೇಡ. "ಸೇಠಜೀ, ಹೊತ್ತು ನೆತ್ತಿಗಿ ಬಂತಂದ್ರ ಅಂಜನ್ ಭಾಳ ಕಾಯ್ತದ. ಅದಕ್ಕ ತುಸು ಆರಾಮ ಬೇಕ್ರಿ. ಮತ್ತ ಅದನ್ನ ಒಂದೇ ಬಿಡ್ಲಿಕ್ಕಿ ಬರಂಗಿಲ್ಲ, ಅದರ ಬಾಜೂಕ ನಾನೂ ಮಲಗ್ತೇನಿ" ಎಂದ. ಕಾವಲುಗಾರ ಎದ್ದು, ತಾನು ಕಾವಲು ಕಾಯುತ್ತಿದ್ದೇನೋ ಇಲ್ಲವೋ ನೋಡಲು ಇನ್ನೊಬ್ಬ ಕಾವಲುಗಾರ ಬೇಕು, ತನ್ನ ಅಳಿಯ ಖಾಲಿ ಇದ್ದಾನೆ ಎಂದ. ಹತ್ತಿಯ ಕಸ ಆರಿಸುವ ಹೆಣ್ಣುಮಕ್ಕಳಲ್ಲಿ ಹಿರಿಯಳೊಬ್ಬಳು ಎದ್ದು, "ನಡು ಹೊತ್ತಿನ್ಯಾಗ ಒಂದೀಟು ಬೆಲ್ಲ, ಒಂದು ಚರಿಗಿ ತಣ್ಣೀರು ಕೊಟ್ರ ಕೈ ಜಲ್ದಿ ಆಡ್ತಾವ್ರಿ" ಎಂದಳು. ಅದುವರೆಗೆ ಆಡಿದ ಮಾತುಗಳಲ್ಲೆಲ್ಲ ಖರೆ ಕೆಲಸಕ್ಕೆ ಬರುವಂಥದ್ದು ಅದೊಂದೇ. ಅದಕ್ಕೆ ನಮ್ಮ ಮುನೀಮರು, ಎಂದರೆ ಕಾರಕೂನರ ಮೇಲಿನ ಯಜಮಾನರಾದ ಪಂತರು, ಕನ್ನಡಕ ಸರಿಪಡಿಸಿಕೊಂಡು ಏನೆಂದರು ಗೊತ್ತೇ?

"ಕೂಡವ್ವಾ. ಅದು ತಜವೀಜ ಅಲ್ಲ, ಅದು ಹಸಿವಿ."

ನೆನೆಸಿಕೊಂಡರೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಆಗಲೂ ಹಲ್ಲು ಕಡಿದೆ, ಆದರೆ ನನ್ನ ಸರದಿ ಬಂದಿತ್ತು. ಎದ್ದು ನಿಂತು, ಹಿಂದಿನ ಗೋಡೆಗೊಂದು ಬಾಗಿಲು ಬೇಕು ಎಂದೆ. ಬಂಡಿ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಕೈ ಆಡಿಸಿ ತೋರಿಸಿದೆ. ಹತ್ತಿ ಇರುವ ಜಾಗದಲ್ಲಿ ಒಂದೇ ದರವಾಜ ಇರುವುದು ಹೇಗೂ ಒಳ್ಳೆಯದಲ್ಲ, ನಾಳೆ ಬೆಂಕಿಗಿಂಕಿ ಬಿದ್ದರೆ ಗತಿಯೇನು ಎಂದೂ ಹೇಳಿದೆ. ಸಣ್ಣ ಸೇಠರು ಗಾದಿಯಿಂದ ಎದ್ದೇಬಿಟ್ಟರು. "ಶಾಬಾಸ್! ನೋಡ್ರಿ, ಇದು ತಲಿ! ಇಂಥದು ತಲಿ ನಮ್ಗೆ ಬೇಕು!" ಎಂದು ನನ್ನ ತಲೆಯನ್ನು ಎಲ್ಲರಿಗೂ ತೋರಿಸಿದರು. ಆಗ ಪಂತರು ಮೆಲ್ಲನೆ ಕೆಮ್ಮಿದರು.

"ತಜವೀಜ ಬರೋಬರ ಅದ. ಆದ್ರ ಹೇಳಿದ ಕೂಡ್ಲೇ ಮಾಡಿಬಿಟ್ರ ಅದಕ್ಕ ಕಿಮ್ಮತ್ತೇನು ಉಳೀತು? ಬೀದರದ ದುಕಾನದವರನ್ನ ಕೇಳಬೇಕು. ಔರಾದದ ಗೋದಾಮಿನವರನ್ನ ಕೇಳಬೇಕು. ನಾಕು ಮಂದಿ ಕೈ ಆಡಿಸಿದ್ರ ತಜವೀಜ ಗಟ್ಟಿ ಆಗ್ತದ."

"ಭಾಲ್ಕಿ ಹಿಂದಿನ ಗ್ವಾಡಿಗೂ ಔರಾದಕ್ಕೂ ಏನು ಸಂಬಂಧ್ರಿ ಪಂತರ?" ಎಂದೆ.

"ಅದನ್ನೇ ಹೋಗಿ ಕೇಳ್ಕೊಂಡು ಬಾ ಕಾಶೆಪ್ಪಾ" ಎಂದರು.

ಬೀದರಿಗೆ ದಮಣಿ ಎಂಬ ಸಣ್ಣ ಎತ್ತಿನ ಗಾಡಿಯಲ್ಲಿ ಹೋದೆ. ಮೈಯ ಎಲುಬುಗಳೆಲ್ಲ ತಮ್ಮತಮ್ಮ ಜಾಗ ಬಿಟ್ಟು ನೆರೆಯವರ ಮನೆಗೆ ಹೋಗಿ ಬಂದಂತಾಯಿತು. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ನಮ್ಮ ಸೇಠರ ದೊಡ್ಡ ದುಕಾನು. ಅಲ್ಲಿಯ ಗುಮಾಸ್ತರು ಎಲೆ ಅಡಿಕೆ ಜಗಿಯುತ್ತ ನನ್ನ ಮಾತು ಕೇಳಿ, ಬಹಳ ಹೊತ್ತು ವಿಚಾರ ಮಾಡಿ, "ಕದ ಒಳಗ ತೆರೀತದೋ, ಹೊರಗ ತೆರೀತದೋ?" ಎಂದರು.

"ಇನ್ನಾ ಅದು ಗ್ವಾಡಿನೇ ಅದರಿ" ಎಂದೆ.

"ಗ್ವಾಡಿ ಇದ್ದಾಗೇ ಕೇಳಬೇಕಪ್ಪ. ಕದ ಆದ ಮ್ಯಾಲ ಕಣ್ಣಿಗೇ ಕಾಣಸ್ತದ, ಕೇಳೋದೇನು?" ಎಂದರು. ಆಮೇಲೆ ಹಿಂದಿನ ಬಾಗಿಲಿನಿಂದ ಹೋಗುವವರು ಕಳ್ಳರು, ಮರ್ಯಾದಸ್ಥರ ಕಾರ್ಖಾನೆಗೆ ಏನಿದ್ದರೂ ಮುಂದೆ ಇರಬೇಕು ಎಂದು ತೀರ್ಪು ಕೊಟ್ಟು ತಸ್ತಿನಲ್ಲಿ ಉಗುಳಿದರು.

ಬೀದರಿನಿಂದ ಔರಾದಕ್ಕೆ ಹೋಗುವ ಹಾದಿಯಲ್ಲಿ ಸಂತಪುರ. ಅದು ನನ್ನ ಮಾವನ ಊರು. ಕರೆಯದೆ, ಹಬ್ಬವಲ್ಲದ ದಿನ, ಹೆಂಡತಿಯನ್ನು ಬಿಟ್ಟು ಒಬ್ಬನೇ ಬಂದ ಅಳಿಯನನ್ನು ಕಂಡು ಮಾವನ ಮುಖ ಸಣ್ಣದಾಯಿತು. ಕಾಲಿಗೆ ನೀರು ಕೊಡುತ್ತಲೇ, "ಅಳಿಯಂದ್ರ, ನೌಕರಿ ಹೋಯ್ತೇನ್ರಿ?" ಎಂದರು. ಇಲ್ಲ ಮಾವಾ, ಗೋಡೆಗೆ ಬಾಗಿಲು ಇಡುವ ವಿಚಾರ ಕೇಳಲು ಔರಾದಕ್ಕೆ ಹೊರಟಿದ್ದೇನೆ ಎಂದೆ. ಅತ್ತೆ ಒಳಗಿನಿಂದ ಇಣುಕಿ ನೋಡಿದರು. ಭಾಲ್ಕಿಯ ಗೋಡೆಗೆ ಔರಾದದ ಅಪ್ಪಣೆ ಕೇಳಲು ಹೊರಟವನ ತಲೆ ನೆಟ್ಟಗಿದೆಯೇ ಎಂಬ ಸಂಶಯ ಇಬ್ಬರ ಕಣ್ಣಲ್ಲೂ ಇತ್ತು. ಪುಂಡಿಪಲ್ಯ, ರೊಟ್ಟಿ ಬಡಿಸಿದರು. ನಾನು ಕೈ ತೊಳೆಯುವಾಗ ಮಾವ ಅತ್ತೆಗೆ, "ನೆತ್ತಿಗಿ ಎಣ್ಣಿ ಹಚ್ಚು" ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೇ ಬಿತ್ತು. ಹಚ್ಚಿದರು. ಅಷ್ಟೊಂದು ಎಣ್ಣೆಯನ್ನು ನನ್ನ ಮದುವೆಯಲ್ಲೂ ಹಚ್ಚಿರಲಿಲ್ಲ.

ಔರಾದದಲ್ಲಿ ನಮ್ಮದೊಂದು ಹತ್ತಿ ಕೊಳ್ಳುವ ಗೋದಾಮು. ಅದನ್ನು ನೋಡಿಕೊಳ್ಳುವ ಮನುಷ್ಯ ನನ್ನ ಮಾತನ್ನು ಕೊನೆಯವರೆಗೆ ಕೇಳಿ ಕೆಂಡವಾದ. "ಏನಂದಿ? ನಿಮಗ ಎರಡನೇ ಕದಾ ಬೇಕಾ? ನಮ್ಮ ಗೋದಾಮು ಹೊಳ್ಳಿ ನೋಡೋ! ನಮಗ ಒಂದೂ ಕದಾ ಇಲ್ಲ. ಗೋಣಿತಟ್ಟು ಕಟ್ಟೇವಿ. ನಾಯಿ ಬರ್ತಾವ, ಮಲಗ್ತಾವ, ಎದ್ದು ಹೋಗ್ತಾವ. ಯಾರರೆ ಕೇಳ್ಯಾರೇನು?" ನೋಡಿದೆ. ನಿಜವಾಗಿಯೂ ಗೋಣಿತಟ್ಟು. ಒಂದು ನಾಯಿ ಅದನ್ನು ಸರಿಸಿ ಹೊರಗೆ ಬಂದು ನನ್ನನ್ನು ನೋಡಿ ಮತ್ತೆ ಒಳಗೆ ಹೋಯಿತು. ಕೊನೆಗೆ ಆತ, ಎರಡನೆಯ ಬಾಗಿಲು ಮಾಡಿಸುವುದಾದರೆ ಮಾಡಿಸಿಕೊಳ್ಳಲಿ, ಆದರೆ ಮೊದಲನೆಯ ಬಾಗಿಲನ್ನು ಕಿತ್ತು ಔರಾದಕ್ಕೆ ಕಳಿಸಬೇಕು ಎಂಬ ಕರಾರಿನ ಮೇಲೆ ಒಪ್ಪಿದ.

ಇಷ್ಟು ತಿರುಗಿ ಬಂದವನಿಗೆ ಸಣ್ಣ ಸೇಠರು ಬಹುಮಾನವಾಗಿ ಒಂದು ಹುದ್ದೆ ಕೊಟ್ಟರು. ಇನ್ನು ಮುಂದೆ ಎಲ್ಲರ ತಜವೀಜುಗಳನ್ನೂ ಸಂಭಾಳಿಸುವವನು ನಾನು. ತಕ್ಕಡಿಯ ಕೆಲಸ ಹಾಗೆಯೇ ಇರುತ್ತದೆ, ಇದು ಅದರ ಮೇಲೆ. ಹುಟ್ಟಿದ ತಜವೀಜುಗಳನ್ನು ಕೇಳಬೇಕು, ಹುಟ್ಟದವರಿಗೆ ಹುಟ್ಟಿಸಬೇಕು, ಬೀದರ ಔರಾದಕ್ಕೆ ಹೋಗಿ ಅಲ್ಲಿಯವರನ್ನೂ ಹುರಿದುಂಬಿಸಬೇಕು. ಅಂದಿನಿಂದ ನನ್ನ ಮನೆ ಮನೆಯಾಗಿ ಉಳಿಯಲಿಲ್ಲ. ಮೈಗೆ ನೀರು ಹಾಕಿಕೊಳ್ಳುವಾಗ ಬಚ್ಚಲ ಗೋಡೆಯಾಚೆ ನಿಂತು ಕಾವಲುಗಾರ ತಜವೀಜು ಹೇಳುತ್ತಿದ್ದ. ಲಿಂಗಪೂಜೆಗೆ ಕುಳಿತರೆ ಕಣ್ಣು ತೆರೆಯುವುದನ್ನೇ ಕಾಯುತ್ತ ಎದುರಿಗೆ ಇಬ್ಬರು ಕುಳಿತಿರುತ್ತಿದ್ದರು. ಕ್ಷೌರಕ್ಕೆ ಹೋದರೆ, ಕಾರ್ಖಾನೆಯ ನೌಕರನೇ ಅಲ್ಲದ ಹಜಾಮ ಕೂಡ ಕತ್ತಿಯನ್ನು ನನ್ನ ಗಂಟಲಿನ ಮೇಲಿಟ್ಟು, "ನಂದೂ ಒಂದು ತಜವೀಜ ಅದರಿ" ಎಂದ. ಅವನು ಹೇಳಿದ್ದಕ್ಕೆಲ್ಲ ಹೂಂ ಎಂದೆ. ಬೇರೆ ಏನೆನ್ನಲಿ? ಶರಣಮ್ಮ ಬಂದವರಿಗೆಲ್ಲ ನೀರು ಕೊಟ್ಟು ಕೊಟ್ಟು ಸೋತು, "ಮಂದೀದು ವಿಚಾರ ಕೇಳ್ತೀರಿ, ನೀರು ಸೇದಿ ಸೇದಿ ನನ್ನ ರಟ್ಟಿ ಬಿದ್ದು ಹೋಗ್ಯಾವ, ಅದನ್ನ ಯಾರು ಕೇಳೋರು?" ಎಂದಳು. ಅದೂ ತಜವೀಜು ಆಗಬಹುದೇ ಎಂದು ಒಂದು ಗಳಿಗೆ ಯೋಚಿಸಿದೆ ಎಂದರೆ ನನ್ನ ಸ್ಥಿತಿ ಎಲ್ಲಿಗೆ ಬಂದಿತ್ತು ನೋಡಿ.

ಹುರಿದುಂಬಿಸುವ ಕೆಲಸಕ್ಕೆಂದು ಮತ್ತೊಮ್ಮೆ ಔರಾದಕ್ಕೆ ಹೋಗಿ, ತಿಂಗಳೊಪ್ಪತ್ತು ಅಲ್ಲೇ ಉಳಿದು, ಸಂತಪುರದಲ್ಲಿ ಮತ್ತೊಮ್ಮೆ ಎಣ್ಣೆ ಹಚ್ಚಿಸಿಕೊಂಡು ತಿರುಗಿ ಬಂದೆ. ಕಾರ್ಖಾನೆಯ ಮುಂದೆ ಇಳಿದವನು ಹಾಗೆಯೇ ನಿಂತುಬಿಟ್ಟೆ. ಬಾಗಿಲು ಆಗಿತ್ತು! ಕಲ್ಲಿನ ಕಮಾನು, ಎರಡೂ ಕಡೆ ಕೆತ್ತಿದ ಕಂಬ, ಬಣ್ಣ ಬಳಿದ ಕದ. ಆದರೆ ಹಿಂದಿನ ಗೋಡೆಯಲ್ಲಲ್ಲ. ಮುಂದೆ, ಹಳೆಯ ದರವಾಜಕ್ಕೆ ಅಂಟಿಕೊಂಡೇ! ಕಮಾನಿನ ಒಂದು ಕಂಬ ಬಂಡಿಯ ಹಾದಿಯಲ್ಲೇ ಚಾಚಿಕೊಂಡು, ಮೊದಲೇ ಇಕ್ಕಟ್ಟಾಗಿದ್ದ ಜಾಗವನ್ನು ಇನ್ನಷ್ಟು ಇಕ್ಕಟ್ಟು ಮಾಡಿತ್ತು. ಹೊಸ ಕದಕ್ಕೆ ದೊಡ್ಡದೊಂದು ಬೀಗ. ಅದು ಸೇಠರ ಟಾಂಗಾ ಬಂದಾಗ ಮಾತ್ರ ತೆಗೆಯುವುದಂತೆ. ಬಂಡಿಗಳು ಹೋದರೆ ಬಣ್ಣ ಕೆಡುತ್ತದಂತೆ. ಬೀಗದ ಕೈ ಪಂತರ ಸೊಂಟದಲ್ಲಿ. ಮತ್ತು ಪಂತರ ತಲೆಯ ಮೇಲೆ, ಸ್ವಾಮಿ, ಜರಿಯ ರುಮಾಲು.

"ಪಂತರ, ನಾ ಹೇಳಿದ್ದು ಹಿಂದಿನ ಗ್ವಾಡಿಗಿ ಬಾಗಿಲಾ" ಎಂದೆ.

"ಹೌದಪ್ಪ, ಯಾರು ಇಲ್ಲಂದ್ರು?" ಪಂತರು ಸಮಾಧಾನದಿಂದ ಹೇಳಿದರು. "ನಿನ್ನ ತಜವೀಜಿನ್ಯಾಗ 'ಬಾಗಿಲಾ' ಅನ್ನೋದು ಪಾಸಾಗ್ಯದ. 'ಹಿಂದ' ಅನ್ನೋದಷ್ಟೇ ಬಿದ್ದು ಹೋಗ್ಯದ. ಹೆಚ್ಚಿಂದು ಉಳೀತಲ್ಲ, ಖುಷಿ ಪಡು."

ಮನೆಗೆ ಹೋಗಿ ಶರಣಮ್ಮನಿಗೆ ಹೇಳಿದೆ. ನನ್ನ ಚಪ್ಪಟೆ ತಲೆಯನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟಳು. ಬೈದಿದ್ದರೆ ಆಗುತ್ತಿತ್ತು.

ಹತ್ತಿಯ ಸುಗ್ಗಿ ಬಂತು. ಬಂಡಿಗಳ ಸಾಲು ಊರಿನವರೆಗೆ ನಿಲ್ಲತೊಡಗಿತು. ಇಕ್ಕಟ್ಟು ಹೆಚ್ಚಾದಷ್ಟೂ ನನ್ನ ವಂಶದ ಹಿರಿಯರಿಗೆ ಕೆಲಸ ಹೆಚ್ಚಾಯಿತು. ಒಂದು ಮಧ್ಯಾಹ್ನ, ಪಂತರು ಬೀಗದ ಕೈಯ ಜೊತೆಗೇ ಬೀದರಿಗೆ ಹೋಗಿದ್ದಾಗ, ಒಳಗೆ ಹೊರಟ ಬಂಡಿಯೊಂದು ಆ ಹೊಸ ಕಂಬಕ್ಕೆ ಚಕ್ರ ಕಚ್ಚಿಸಿಕೊಂಡು ನಿಂತಿತು. ಹೊರಗೆ ಬರುವವನು ಅದರ ಎದುರಿಗೆ ಸಿಕ್ಕಿಕೊಂಡ. ಹಿಂದಿನವರು ತಳ್ಳಿದರು, ಮುಂದಿನವರು ಬೈದರು, ದರವಾಜ ಪೂರ್ತಿ ಮುಚ್ಚಿಹೋಯಿತು. ನಾನು ತಕ್ಕಡಿ ಬಿಟ್ಟು, ಬಂಡಿಗಳ ಅಡಿಯಲ್ಲಿ ನುಸುಳಿ ಒಳಗೆ ಹೋಗಿ ಎತ್ತುಗಳನ್ನು ಹಿಂದಕ್ಕೆ ಸರಿಸಲು ನೋಡುತ್ತಿದ್ದೆ. ಅಷ್ಟರಲ್ಲಿ ಅಂಗಳದ ನಡುವಿನಿಂದ ಇಮಾಮಸಾಬ ಕೂಗಿದ. ಅವನ ಗಂಟಲಿನಲ್ಲಿ ಅಂಥ ದನಿ ನಾನು ಯಾವತ್ತೂ ಕೇಳಿರಲಿಲ್ಲ.

"ಆಗ್! ಬೆಂಕಿ! ಬೆಂಕಿ ಹತ್ಯದೋ!"

ಯಾರ ಬೀಡಿಯೋ, ಅಂಜನ್ನಿನ ಕಿಡಿಯೋ, ಕೊನೆಗೂ ಗೊತ್ತಾಗಲಿಲ್ಲ. ಹತ್ತಿಗೆ ಬೆಂಕಿ ಹತ್ತಿದರೆ ಉರಿ ಮೇಲೇಳುವುದಕ್ಕೆ ಮೊದಲು ಓಡುತ್ತದೆ. ರಾಶಿಯ ಮೈಮೇಲೆ ಅದು ಓಡುವುದನ್ನು ಕಣ್ಣಾರೆ ಕಂಡೆ. ಹೊಗೆ ತುಂಬಿತು. ಹೆಣ್ಣುಮಕ್ಕಳು ಚೀರುತ್ತ ದರವಾಜದ ಕಡೆ ಓಡಿ ಬಂದರು. ಎತ್ತುಗಳು ಬೆದರಿ ನಾನು ನುಸುಳಿ ಬಂದ ಸಂದೂ ಮುಚ್ಚಿಹೋಗಿತ್ತು, ಅಲ್ಲಿ ಕೊಂಬು, ಚಕ್ರ, ಮೂಕಿ ಬಿಟ್ಟರೆ ಏನೂ ಇಲ್ಲ. ಹೊಸ ಕದವನ್ನು ನಾನೂ ಕಾವಲುಗಾರನೂ ಸೇರಿ ಒದ್ದೆವು, ಹೆಗಲು ಕೊಟ್ಟು ಗುದ್ದಿದೆವು. ಎಷ್ಟು ಗಟ್ಟಿಯಾಗಿ ಮಾಡಿದ್ದರು ಪಾಪಿಗಳು! ನನ್ನ ಜೀವಮಾನದಲ್ಲಿ ನಾನು ಹೇಳಿದ ಒಂದೇ ಒಂದು ಮಾತು ಕಲ್ಲು ಕಟ್ಟಿಗೆಯಾಗಿ ನನ್ನೆದುರು ನಿಂತಿತ್ತು, ಮತ್ತು ಅದು ನನ್ನನ್ನೇ ಹೊರಗೆ ಬಿಡುತ್ತಿರಲಿಲ್ಲ.

ಅಂಗಳದ ಹಿಂಭಾಗದಲ್ಲಿ ಭಾತಂಬ್ರಾದ ನಾಗಮ್ಮನ ಖಾಲಿ ಬಂಡಿ ನಿಂತಿತ್ತು. ಗಂಡ ತೀರಿದ ಮೇಲೆ ತಾನೇ ಬಂಡಿ ಹೊಡೆದುಕೊಂಡು ಬರುವ ಗಟ್ಟಿಗಿತ್ತಿ ಆಕೆ. ನನ್ನ ಹಿರಿಯರನ್ನು ಹೆಸರು ಹಿಡಿದು ಮಾತಾಡಿಸುವವರಲ್ಲಿ ಮೊದಲಿಗಳು. ಬೆಂಕಿ ಕಂಡು ಅವಳ ಎತ್ತುಗಳು ಕಣ್ಣು ತಿರುಗಿಸಿ ಬೆದರಿದವು. ಹಗ್ಗ ಜಗ್ಗಿ ನಿಲ್ಲಿಸಲು ನೋಡಿದಳು, ಆಗಲಿಲ್ಲ. ಎತ್ತುಗಳು ಮುಖ ತಿರುವಿ, ಹಿಂದಿನ ಗೋಡೆ ಕುಸಿದಿದ್ದ ಜಾಗಕ್ಕೇ ನೇರವಾಗಿ ನುಗ್ಗಿದವು. ನಾಗಮ್ಮ ಒಂದು ಗಳಿಗೆ ನೋಡಿದಳು. ಆಮೇಲೆ ಹಗ್ಗ ಸಡಿಲು ಬಿಟ್ಟು, "ಹೊಡೀರೋ ನನ್ನಪ್ಪಗೋಳ!" ಎಂದು ಬಾರುಕೋಲು ಎತ್ತಿದಳು. ಧಡಾರ್ ಎಂದಿತು. ನೆನೆದು ಬಿರಿದಿದ್ದ ಮಣ್ಣಿನ ಗೋಡೆ ಧೂಳೆಬ್ಬಿಸಿ ಹೊರಗೆ ಒರಗಿತು. ಧೂಳು ಇಳಿದಾಗ ಬಂಡಿ ಆಚೆಯ ಬಯಲಿನಲ್ಲಿತ್ತು, ನಾಗಮ್ಮನ ಸೆರಗು ನೊಗದ ಮೇಲಿತ್ತು, ಗೋಡೆಯಲ್ಲಿ ಬಾಗಿಲಿತ್ತು.

ಎಲ್ಲರೂ ಅಲ್ಲಿಂದ ಹೊರಬಿದ್ದೆವು. ಹೆಣ್ಣುಮಕ್ಕಳು, ಎತ್ತುಗಳು, ಬಂಡಿಗಳು. ಬಯಲಿನ ಬಾವಿಯಿಂದ ಅದೇ ಹಾದಿಯಲ್ಲಿ ಕೊಡ ಕೊಡ ನೀರು ಒಳಗೆ ಬಂತು. ಇಮಾಮಸಾಬನ ಮೀಸೆ ಅರ್ಧ ಸುಟ್ಟಿತು, ಎರಡು ರಾಶಿ ಹತ್ತಿ ಬೂದಿಯಾಯಿತು, ಜೀವ ಒಂದೂ ಹೋಗಲಿಲ್ಲ. ಕಸ ಆರಿಸುವ ಆ ಹಿರಿಯಳು ನಾಗಮ್ಮನ ಎತ್ತಿನ ಕಾಲು ಹಿಡಿದುಕೊಂಡು ಅತ್ತಳು. ನನಗೂ ಕಣ್ಣು ತುಂಬಿತು. ಹೊಗೆಗೆ ಎಂದು ಹೇಳಿದೆ.

ಮರುದಿನ ಸಣ್ಣ ಸೇಠರು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದರು. ಬೀದರಿನಿಂದ ಬಂದಿಳಿದ ಪಂತರು, ಗೋಡೆ ಕೆಡವಿದ್ದಕ್ಕೆ ಆ ಹೆಣ್ಣುಮಗಳಿಂದಲೇ ದಂಡ ತೆಗೆದುಕೊಳ್ಳಬೇಕು ಎಂದು ಶುರುಮಾಡಿದ್ದರು. ಸೇಠರು ಅವರನ್ನು ಸುಮ್ಮನಿರಿಸಿದರು. ಅಷ್ಟರ ಮಟ್ಟಿಗೆ ಒಳ್ಳೆಯ ಮನುಷ್ಯ, ಇಲ್ಲ ಎನ್ನಲಾರೆ. ನಾಗಮ್ಮನ ಮುಂದೆ ಕೈ ಜೋಡಿಸಿ, "ಬಾಯಿ, ನಿಮ್ದು ತಜವೀಜದಿಂದ ಎಲ್ಲಾರ್ದು ಜೀವ ಉಳೀತು" ಎಂದು ಹೊಸ ಜರಿ ರುಮಾಲು ತರಿಸಿದರು.

"ನನಗ್ಯಾಕ್ರಿ ರುಮಾಲ?" ನಾಗಮ್ಮ ಹಿಂದೆ ಸರಿದಳು. "ನಾ ಏನೂ ವಿಚಾರ ಮಾಡಿಲ್ಲ. ವಿಚಾರ ಮಾಡಿದ್ದು ಈ ಬಲಗಡಿ ಎತ್ತು. ಕೊಡೋದಿದ್ರ ಅದಕ್ಕ ಕೊಡ್ರಿ."

ಅಂಗಳವೆಲ್ಲ ನಕ್ಕಿತು. ಸಣ್ಣ ಸೇಠರು ನಗಲಿಲ್ಲ. ಮುಂಬಯಿಯಲ್ಲಿ ಇಂಥದ್ದು ನಡೆಯುತ್ತದೆಯೋ ಏನೋ, "ಬರೋಬರ! ತಜವೀಜ ಯಾರ್ದೋ ಇನಾಮು ಅವರ್ದೇ" ಎಂದುಬಿಟ್ಟರು. ನನ್ನಿಂದ ತಡೆಯಲಾಗಲಿಲ್ಲ. ಎದ್ದು, "ಸೇಠಜೀ, ಅದೇ ಗ್ವಾಡಿ! ಅದೇ ಜಾಗ! ಮೊದಲನೇ ಸೋಮವಾರ ನಾ ಇದನ್ನೇ ಹೇಳಿದ್ದೆ!" ಎಂದು ಕಿರುಚಿದೆ. ಸೇಠರು ನನ್ನನ್ನು ನೋಡಿದರು, ಎತ್ತನ್ನು ನೋಡಿದರು, ಮುಖ ಅರಳಿತು.

"ಅರೆ ವಾಹ್! ನಿಮ್ದು ಎತ್ತಿಂದು ವಿಚಾರ ಒಂದೇ!"

ತಜವೀಜು ಸಂಭಾಳಿಸುವ ಹುದ್ದೆಯವನು ನಾನಲ್ಲವೇ? ರುಮಾಲು ಸುತ್ತುವ ಕೆಲಸವೂ ನನ್ನ ಪಾಲಿಗೇ ಬಂತು. ಇಮಾಮಸಾಬ ಮೂಗುದಾಣ ಹಿಡಿದ, ನಾನು ಕೊಂಬುಗಳ ನಡುವೆ ಸುತ್ತಿದೆ. ಎತ್ತು ಒಮ್ಮೆ ತಲೆ ಕೊಡವಿತು, ಬಿಚ್ಚಿಹೋಯಿತು. ಮತ್ತೆ ಮೊದಲಿನಿಂದ ಸುತ್ತಿದೆ. ಮನೆಗೆ ಹೋದಾಗ ಶರಣಮ್ಮನಿಗೆ ಸುದ್ದಿ ಮುಟ್ಟಿತ್ತು. ಕಾಲಿಗೆ ನೀರು ಕೊಟ್ಟು ಕೇಳಿದಳು: "ಎತ್ತಿಗಿ ಒಪ್ಪಿತ್ತೇನ್ರಿ?"

"ಒಪ್ಪಿತ್ತು" ಎಂದೆ. ಸುಳ್ಳು ಯಾಕೆ ಹೇಳಲಿ?

ಇನ್ನು ಬಾಯಿ ತೆರೆಯುವುದಿಲ್ಲ ಎಂದು ಲಿಂಗ ಮುಟ್ಟಿ ಆಣೆ ಮಾಡಿದೆ. ಮುಂದಿನ ಸೋಮವಾರ ಅಂಗಳದ ಹಿಂದಿನ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತೆ. ಸೇಠರು, "ಯಾರ್ದಾದ್ರೂ ಹೊಸಾ ತಜವೀಜ?" ಎಂದರು. ಎತ್ತಿನ ಕೈಯಲ್ಲಿ ಸೋತ ಮೇಲೆ ಎಲ್ಲರ ಉಮೇದೂ ಇಳಿದಿತ್ತು. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

"ನಂದೊಂದು ತಜವೀಜ ಅದರಿ ಸೇಠಜೀ. ಈ ತಜವೀಜ ಕೇಳೋದು ಬಂದ್ ಮಾಡ್ರಿ. ಪೂರಾ ಬಂದ್ ಮಾಡ್ರಿ. ಹೇಳೋರು ಬ್ಯಾಡ, ಕೇಳೋರೂ ಬ್ಯಾಡ. ನಮ್ಮ ತಲಿ ನಮಗ ಹೊಳ್ಳಿ ಕೊಡ್ರಿ!"

ನೌಕರಿ ಹೋಯಿತು ಎಂದುಕೊಂಡೆ. ಹೋದರೆ ಹೋಗಲಿ ಎಂದೂ ಅನ್ನಿಸಿತು. ಸಣ್ಣ ಸೇಠರು ಗಾದಿಯಿಂದ ಇಳಿದು ನನ್ನತ್ತ ನಡೆದು ಬಂದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ನನ್ನ ಎರಡೂ ಭುಜ ಹಿಡಿದುಕೊಂಡರು.

"ಕಾಶೆಪ್ಪನವರೇ, ಇಷ್ಟು ಖುಲ್ಲಾ ಮಾತು ಇಲ್ಲಿ ಯಾರೂ ಆಡಿಲ್ಲ. ಇದೇ ನಮ್ಗೆ ಬೇಕಾಗಿತ್ತು!" ಎಂದು ಎಲ್ಲರ ಕಡೆ ತಿರುಗಿದರು. "ಭಾಯಿ ಲೋಗ್, ಇದು ಭಾಳ ದೊಡ್ಡ ತಜವೀಜ. ಒಂದು ಸೋಮವಾರದಾಗ ಮುಗಿಯೂದಿಲ್ಲ. ಬಂದ್ ಮಾಡಬೇಕೋ ಬ್ಯಾಡೋ, ಎಲ್ಲಾರೂ ವಿಚಾರ ಮಾಡಿ ಹೇಳಬೇಕು. ನಾಳಿಂದ ದಿನಾ ಕೂಡೋಣ!"

ಸಭೆ ಮುಗಿದಾಗ ಅರ್ಧ ಮೀಸೆಯ ಇಮಾಮಸಾಬ ದೂರದಿಂದಲೇ ನನ್ನನ್ನು ನೋಡಿ, ತೋಬಾ ತೋಬಾ ಎಂದು ಕೆನ್ನೆ ಬಡಿದುಕೊಂಡು ಬೇರೆ ದಾರಿ ಹಿಡಿದ. ನಾನೊಬ್ಬನೇ ಮನೆಯ ಕಡೆ ಹೊರಟೆ. ದಿನಾ ಸಭೆ ಎಂದರೆ ಎಲ್ಲರ ಕೆಲಸ ಹಾಳಾಗುತ್ತದೆ. ಅದರ ಬದಲು ಬೆಳಿಗ್ಗೆ ಅಂಜನ್ ಶುರುವಾಗುವ ಮೊದಲು, ನಿಂತುಕೊಂಡೇ ಮಾತಾಡಿ ಮುಗಿಸಿದರೆ ಹೇಗೆ ಎಂದು ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು. ಹಿಂದಿನಿಂದ ಸೇಠರ ಟಾಂಗಾ ಬರುತ್ತಿತ್ತು. ಶಲ್ಯದ ತುದಿಯನ್ನು ಬಾಯಿಗೆ ತುರುಕಿಕೊಂಡು ಪಕ್ಕದ ಓಣಿಗೆ ತಿರುಗಿ ಓಡಿದೆ.